ಕೆರಳುವ ನಾಯಿಯೊಡನೆ ಬಾಳುವುದು

ಕಲ್ಯಾಣಪುರದ ಸಂತೆಕಟ್ಟೆಯಿಂದ ಸುವರ್ಣಾ ನದಿಯ ಕಡೆಗೆ ಯಾವುದಾದರೊಂದು ಒಳದಾರಿ ಹಿಡಿದು ನಡೆದು ನೋಡಿ. ಮುರಕಲ್ಲಿನ ಪಾಗಾರ, ಕಬ್ಬಿಣದ ಗೇಟು, ಅದರ ಮೇಲೆ 'ನಾಯಿ ಇದೆ, ಎಚ್ಚರಿಕೆ' ಎಂಬ ಹಲಗೆ. ನೀವು ಹಲಗೆಯನ್ನು ಓದಿ ಮುಗಿಸುವ ಮೊದಲೇ ನಾಯಿ ಗೇಟಿಗೆ ಬಂದು ಬಿದ್ದಿರುತ್ತದೆ. ಆಗ ಮನೆಯವರು ಹೊರಬಂದು ಹೇಳುವ ಮಾತು ಎಲ್ಲೆಡೆಯೂ ಒಂದೇ: "ಅದು ಏನೂ ಮಾಡುವುದಿಲ್ಲ, ಒಳಗೆ ಬಹಳ ಸಾಧು." ಈ ಮಾತು ಸುಳ್ಳೇನೂ ಅಲ್ಲ. ಚಾವಡಿಯಲ್ಲಿ ಮಕ್ಕಳ ಕಾಲಬುಡದಲ್ಲಿ ಮಲಗುವ ಪ್ರಾಣಿಯೇ ಅಂಚೆಯವನನ್ನೋ, ಇನ್ನೊಂದು ನಾಯಿಯನ್ನೋ, ಮೀನಿನವನ ಸೈಕಲನ್ನೋ ಕಂಡೊಡನೆ ಬೇರೊಂದು ಪ್ರಾಣಿಯಾಗಿಬಿಡುತ್ತದೆ. ಅದು ಹಾಗೇಕೆ ಆಗುತ್ತದೆ ಎಂಬುದನ್ನು ತಿಳಿಯುವ ಗೋಜಿಗೆ ಹೋಗದವರು ಕಡೆಗೆ ಎರಡರಲ್ಲಿ ಒಂದನ್ನು ಮಾಡುತ್ತಾರೆ: ಜೀವಮಾನವಿಡೀ ಬಚ್ಚಲ ಹಿಂದೆ ಸಂಕೋಲೆಯಲ್ಲಿ ಕಟ್ಟಿಹಾಕುತ್ತಾರೆ, ಇಲ್ಲವೇ ಗೋಣಿಯಲ್ಲಿ ತುಂಬಿ ದೂರದ ಮೀನುಮಾರುಕಟ್ಟೆಯ ಬಳಿ ಬಿಟ್ಟುಬರುತ್ತಾರೆ. ಮನೆಯ ಗೇಟಿನಲ್ಲೇ ಅಂಜುತ್ತಿದ್ದ ನಾಯಿ ಅಪರಿಚಿತ ಮಾರುಕಟ್ಟೆಯಲ್ಲಿ ಯಾರನ್ನು ಕಚ್ಚೀತು ಎಂಬುದನ್ನು ಬಿಟ್ಟುಬಂದವರು ಯೋಚಿಸುವುದಿಲ್ಲ.

ಇಂಥ ನಾಯಿಯನ್ನು ಇಂಗ್ಲಿಷ್ ಬಲ್ಲವರು 'ರಿಯಾಕ್ಟಿವ್' ಎನ್ನುತ್ತಾರೆ. ನಾವು ಹೊಸ ಪದವನ್ನು ಕಟ್ಟಬೇಕಾಗಿಲ್ಲ. 'ಕೆರಳು' ಎಂಬ ಹಳೆಯ ಧಾತುವೇ ಸಾಕು. ಹುಣ್ಣು ಕೆರಳುತ್ತದೆ, ಗಾಯ ಕೆರಳುತ್ತದೆ. ಎಂದರೆ ಒಳಗೆ ಮೊದಲೇ ಇದ್ದ ನೋವು ಹೊರಗಿನ ಸಣ್ಣ ತಾಕಿಗೆ ಮಿತಿಮೀರಿ ಏಳುತ್ತದೆ. ಕೆರಳುವ ನಾಯಿಯ ಸ್ಥಿತಿಯೂ ಇದೇ. ಅದನ್ನು ಕ್ರೂರವೆಂದು ಕರೆಯುವುದು ಬಹುಮಟ್ಟಿಗೆ ತಪ್ಪು. ಹೀಗೆ ಹರಿಹಾಯುವ ನಾಯಿಗಳಲ್ಲಿ ಬಹಳಷ್ಟು ಹೆದರಿದ ನಾಯಿಗಳು. ಕೆಲವು, ಹತ್ತಿರ ಹೋಗಿ ಮೂಸಿನೋಡಬೇಕೆಂಬ ಆಸೆಗೆ ಸರಪಣಿ ಅಡ್ಡಬಂದುದರಿಂದ ಸಿಡಿಮಿಡಿಗೊಂಡವು. ಎರಡರ ಬೊಗಳುವಿಕೆಯೂ ನಮ್ಮ ಕಿವಿಗೆ ಒಂದೇ ತೆರನಾಗಿ ಕೇಳುತ್ತದೆ.

ಅಂಚೆಯವನ ವಿಷಯವನ್ನು ನಾಯಿಯ ಕಡೆಯಿಂದ ನೋಡೋಣ. ಆತ ಬರುತ್ತಾನೆ, ನಾಯಿ ಬೊಗಳುತ್ತದೆ, ಆತ ಕಾಗದವನ್ನು ಪೆಟ್ಟಿಗೆಗೆ ಹಾಕಿ ಹೊರಟುಹೋಗುತ್ತಾನೆ. ಆತ ಹೊರಟುದು ತನ್ನ ಕೆಲಸ ಮುಗಿದುದರಿಂದ ಎಂದು ನಾವು ಬಲ್ಲೆವು. ನಾಯಿಗೆ ತಿಳಿದುದು ಇಷ್ಟೇ: ನಾನು ಬೊಗಳಿದೆ, ಶತ್ರು ಓಡಿದ. ದಿನವೂ ನಡೆಯುವ ಈ ಪಾಠದಲ್ಲಿ ನಾಯಿ ದಿನವೂ ಉತ್ತೀರ್ಣವಾಗುತ್ತದೆ. ವರ್ಷಗಟ್ಟಲೆ ಹೀಗೆ ಕಲಿತ ವಿದ್ಯೆಯನ್ನು ಒಂದು ಗದರಿಕೆಯಿಂದ ಮರೆಸಬಹುದೆಂದು ನಾವು ಎಣಿಸುವುದು ವಿಚಿತ್ರ.

ಬೇರೆ ಕಾರಣಗಳೂ ಉಂಟು. ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಬಹುಕಾಲ ನಾಯಿಮರಿಗಳನ್ನು ಅಭ್ಯಸಿಸಿ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮರಿಯು ಹುಟ್ಟಿದ 3ನೆಯ ವಾರದಿಂದ ಸುಮಾರು 12ನೆಯ ವಾರದವರೆಗೆ ಯಾರನ್ನು, ಏನನ್ನು ಕಂಡು ಒಗ್ಗಿಕೊಳ್ಳುತ್ತದೆಯೋ ಅದು ಮುಂದೆ ಅದಕ್ಕೆ ಸಹಜವಾದ ಲೋಕವೆನಿಸುತ್ತದೆ ಎಂಬುದು ಅವರ ಮುಖ್ಯ ನಿರ್ಣಯಗಳಲ್ಲೊಂದು. ಆಟಿಯ ಜಡಿಮಳೆಯಲ್ಲಿ ಹಟ್ಟಿಯ ಮೂಲೆಯಲ್ಲಿ ಬೆಳೆದು, ಕೊಡೆ ಹಿಡಿದ ಮನುಷ್ಯನನ್ನಾಗಲಿ ರಿಕ್ಷಾವನ್ನಾಗಲಿ ಕಾಣದ ಮರಿ ದೊಡ್ಡದಾದಾಗ ಅವನ್ನು ಕಂಡು ಬೆಚ್ಚಿದರೆ ಆಶ್ಚರ್ಯವೇನು? ಕಿವಿಯ ಹುಣ್ಣು, ಸೊಂಟದ ನೋವು, ಹಲ್ಲಿನ ಬೇನೆ ಇವುಗಳಿಂದಲೂ ನಾಯಿ ಕೆರಳುತ್ತದೆ. ಸಾಧುವಾಗಿದ್ದ ನಾಯಿ ಹಠಾತ್ತನೆ ಬದಲಾದರೆ ಮೊದಲು ಪಶುವೈದ್ಯರಿಗೆ ತೋರಿಸಬೇಕು.

ವಂಶಗುಣವನ್ನೂ ಮರೆಯುವಂತಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಹೆಸರನ್ನು ಹಳಗನ್ನಡ ಓದಿದವರು ಕೇಳಿರಬಹುದು. ಕ್ರಿ. ಶ. 949-50ರ ಆ ಕಲ್ಲು ತಕ್ಕೋಲದ ಯುದ್ಧವನ್ನು ಹೇಳುವುದರ ಜೊತೆಗೆ ಒಂದು ನಾಯಿಯ ಕಥೆಯನ್ನೂ ಹೇಳುತ್ತದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು ಬೇಕಾದುದನ್ನು ಬೇಡೆಂದಾಗ ಆತ ಬೇಡಿದುದು 'ಕಾಳಿ' ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಒಂದು ಹಿರಿಯ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು, ನಾಯಿಯ ನೆನಪಿಗೆ ಕಲ್ಲು ನಿಂತಿತು. ಅದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಂಡುದರ ಮೇಲೆ ಹಿಂದುಮುಂದು ನೋಡದೆ ನುಗ್ಗುವ ಗುಣಕ್ಕಾಗಿಯೇ ಮನುಷ್ಯನು ಎಷ್ಟೋ ತಲೆಮಾರುಗಳ ಕಾಲ ನಾಯಿಗಳನ್ನು ಆರಿಸಿ ಬೆಳೆಸಿದನು. ಇಂದು ಅದೇ ಕುಲವನ್ನು ನಾಲ್ಕು ಮೊಳದ ಸರಪಣಿಯಲ್ಲಿ ಕಟ್ಟಿ, 'ಸುಮ್ಮನಿರು' ಎನ್ನುತ್ತೇವೆ.

ನಾಯಿಯ ಸದ್ದುಗಳಿಗೆ ನಮ್ಮ ಭಾಷೆಯಲ್ಲಿ ಎಷ್ಟು ಮಾತುಗಳಿವೆ, ಗಮನಿಸಿ: ಬೊಗಳುವುದು, ಗುರುಗುಟ್ಟುವುದು, ಕುಂಯ್‌ಗುಡುವುದು, ಊಳಿಡುವುದು. ನಮ್ಮ ಹಿರಿಯರಿಗೆ ಇವುಗಳ ಭೇದ ತಿಳಿದಿತ್ತು. ಇವುಗಳಲ್ಲಿ ಗುರುಗುಟ್ಟುವುದು ನಾಯಿ ಕೊಡುವ ನೋಟೀಸು. ಅದಕ್ಕೂ ಮೊದಲು ಮೈ ಬಿಗಿಯುವುದು, ಮುಖ ತಿರುಗಿಸುವುದು, ಹಸಿವಿಲ್ಲದೆ ಮೂತಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು ಮೊದಲಾದ ಸಣ್ಣ ಸೂಚನೆಗಳಿರುತ್ತವೆ. ಗುರುಗುಟ್ಟಿದಾಗಲೆಲ್ಲ ಹೊಡೆದರೆ ಭಯ ಹೋಗುವುದಿಲ್ಲ, ನೋಟೀಸು ಮಾತ್ರ ನಿಲ್ಲುತ್ತದೆ. ಮುಂದೆ ಆ ನಾಯಿ ಹೇಳದೆಯೇ ಕಚ್ಚೀತು. 'ಬೊಗಳುವ ನಾಯಿ ಕಚ್ಚುವುದಿಲ್ಲ' ಎಂಬ ಗಾದೆ ಮನುಷ್ಯರ ವಿಷಯದಲ್ಲಿ ಸೊಗಸಾಗಿದೆ. ನಾಯಿಯ ವಿಷಯದಲ್ಲಿ ಅದನ್ನು ನಂಬಿ ಗೇಟು ತೆರೆಯಬೇಡಿ.

ಹಾಗಾದರೆ ಉಪಾಯವೇನು? ಉತ್ತರದ ಬೀಜ ಒಂದು ಮಗುವಿನ ಕಥೆಯಲ್ಲಿದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ವಿದುಷಿ, ಪೀಟರ್ ಎಂಬ ಸುಮಾರು ಮೂರು ವರ್ಷದ ಹುಡುಗನ ಮೊಲದ ಭಯವನ್ನು ಬಿಡಿಸಿದ ಬಗೆಯನ್ನು ಬರೆದರು. ಹುಡುಗ ತನಗೆ ಪ್ರಿಯವಾದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಅವನಿಗೆ ತೊಂದರೆಯಾಗದಷ್ಟು ದೂರದಲ್ಲಿಟ್ಟರು. ದಿನಗಳೆದಂತೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡಿದ. ಗಂಟೆಯ ಸದ್ದಿಗೆ ಜೊಲ್ಲು ಸುರಿಸಿದ ಪಾವ್ಲೋವನ ನಾಯಿಗಳ ಸುದ್ದಿ ಬಹಳ ಜನ ಬಲ್ಲರು. ಪೀಟರನ ಸುದ್ದಿ ಬಲ್ಲವರು ಕಡಿಮೆ. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಪೀಟರನದೇ.

ಮೀನಿನವನ ಹಾರನ್ನಿಗೆ ಕೆರಳುವ ನಾಯಿಯಿದೆಯೆನ್ನಿ. ಅದನ್ನು ಗೇಟಿನ ಬಳಿ ಬಿಡದೆ ಹಿತ್ತಿಲಿನಲ್ಲಿ, ಹಾರನ್ ಕೇಳಿದರೂ ಕಿವಿ ನಿಮಿರಿಸುವಷ್ಟೇ ಆಗುವ ದೂರದಲ್ಲಿ ಇರಿಸಿಕೊಳ್ಳಿ. ಹಾರನ್ ಕೇಳಿದ ಮರುಕ್ಷಣವೇ ಬೇಯಿಸಿದ ಕೋಳಿಯ ಚೂರೊಂದನ್ನೋ, ಮಾಂಸ ಮುಟ್ಟದ ಮನೆಯಾದರೆ ದೋಸೆಯ ತುಂಡನ್ನೋ ಕೊಡಿ. ಸದ್ದು ನಿಂತರೆ ತಿಂಡಿಯೂ ನಿಲ್ಲಲಿ. ಮೊದಲು ಸದ್ದು, ಅನಂತರ ತಿಂಡಿ; ಈ ಕ್ರಮ ತಿರುಗುಮುರುಗಾದರೆ ತಿಂಡಿಯೇ ಭಯದ ಮುನ್ಸೂಚನೆಯಾಗಿಬಿಟ್ಟೀತು. ಸದ್ದಾದೊಡನೆ ನಾಯಿ ತಾನಾಗಿ ನಿಮ್ಮ ಮುಖ ನೋಡತೊಡಗಿದರೆ ಪಾಠ ಹತ್ತಿತೆಂದು ತಿಳಿದು ನಾಲ್ಕು ಹೆಜ್ಜೆ ಮುಂದೆ ಬನ್ನಿ. ತಿಂಡಿಯನ್ನೂ ಮುಟ್ಟದೆ ಬೊಗಳತೊಡಗಿದರೆ ಅದು ಹಟವಲ್ಲ, ದೂರ ಸಾಲದು ಎಂದರ್ಥ, ಹಿಂದಕ್ಕೆ ಸರಿಯಿರಿ. ಇದಕ್ಕೆ ವಾರಗಳು ಬೇಕು, ಕೆಲವಕ್ಕೆ ತಿಂಗಳುಗಳು. ತಿಂಡಿ ಕೊಟ್ಟರೆ ಬೊಗಳುವುದಕ್ಕೆ ಲಂಚ ಕೊಟ್ಟಂತಾಗದೇ ಎಂದು ಕೇಳುವವರುಂಟು. ಹೆದರಿದ ಮಗುವನ್ನು ಎತ್ತಿಕೊಂಡರೆ ಅದು ಹೆದರುವುದನ್ನು ಕಲಿಯುತ್ತದೆಯೇ? ಇದೂ ಹಾಗೆಯೇ.

ಮುಳ್ಳಿನ ಕೊರಳಪಟ್ಟಿ, ವಿದ್ಯುತ್ತಿನ ಪೆಟ್ಟು ಕೊಡುವ ಪಟ್ಟಿ ಇವನ್ನು ಮಾರುವವರ ಮಾತಿಗೆ ಮರುಳಾಗಬೇಡಿ. ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸುವ ಅಮೆರಿಕದ ಪಶುವೈದ್ಯರ ಸಂಘವು 2021ರಲ್ಲಿ ನಾಯಿಯ ಎಲ್ಲ ಶಿಕ್ಷಣಕ್ಕೂ, ಕೆರಳುವ ನಾಯಿಗೂ ಸೇರಿಸಿ, ಬಹುಮಾನದ ಮಾರ್ಗವನ್ನೇ ಸ್ಪಷ್ಟವಾಗಿ ಹೇಳಿದೆ. ಇನ್ನೊಂದು ನಾಯಿಯನ್ನು ಕಂಡಾಗಲೆಲ್ಲ ಕೊರಳಿಗೆ ಚುಚ್ಚಿದರೆ, ಚುಚ್ಚಿದ್ದು ಆ ನಾಯಿಯೇ ಎಂದು ಇದು ತಿಳಿಯುವುದರಲ್ಲಿ ತಪ್ಪೇನಿದೆ?

ಪಾಠ ನಡೆಯುವಷ್ಟು ದಿನವೂ, ನಡೆದ ಮೇಲೂ, ಜಾಗರೂಕತೆ ಬೇಕು. ಗೇಟಿಗೆ ಎರಡು ಅಗುಳಿ ಇರಲಿ. ಗೇಟಿನ ಕೆಳಗಿನರ್ಧವನ್ನು ತಗಡಿನಿಂದಲೋ ಹೆಣೆದ ಮಡಲಿನಿಂದಲೋ ಮುಚ್ಚಿದರೆ ಬೀದಿ ಕಾಣದೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ನೆಂಟರು ಬರುವ ಮೊದಲೇ ನಾಯಿಯನ್ನು ಒಳಕೋಣೆಯಲ್ಲಿರಿಸಿ. ಊಟ ಮಾಡುವ ನಾಯಿಯ ಬಳಿಗೂ ಕಟ್ಟಿದ ನಾಯಿಯ ಬಳಿಗೂ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಉಳುವ ಎತ್ತಿಗೆ ಬಾಯಿಕುಕ್ಕೆ ಕಟ್ಟುವುದು ಅವಮಾನವೆಂದು ಯಾರೂ ಭಾವಿಸಲಿಲ್ಲ. ನಾಯಿಗೂ ಉಸಿರಾಡಲು, ನೀರು ಕುಡಿಯಲು ಎಡೆಯಿರುವ ಬುಟ್ಟಿಯಂಥ ಕುಕ್ಕೆಯನ್ನು, ಮೆಲ್ಲನೆ ತಿಂಡಿಯಿಟ್ಟು ರೂಢಿ ಮಾಡಿಸಿ ತೊಡಿಸಬಹುದು. ಹುಚ್ಚುನಾಯಿ ರೋಗದ ಲಸಿಕೆಯನ್ನು ಕಾಲಕಾಲಕ್ಕೆ ತಪ್ಪದೆ ಹಾಕಿಸಿ. ಯಾರಿಗಾದರೂ ಕಚ್ಚಿದರೆ, ಮನೆಯ ನಾಯಿಯೇ ಆದರೂ, ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರಲ್ಲಿಗೆ ಹೋಗಬೇಕು. ಅರಸಿನ, ಸುಣ್ಣ, ಮೆಣಸಿನಪುಡಿ ಮೆತ್ತಿ ಕಾಲಹರಣ ಮಾಡುವುದು ಪ್ರಾಣಾಂತಿಕ. ರೋಗದ ಲಕ್ಷಣ ತೋರಿದ ಮೇಲೆ ಬದುಕಿಸುವುದು ಬಹುತೇಕ ಅಸಾಧ್ಯ.

ಎಲ್ಲ ನಾಯಿಗಳೂ ಪೀಟರನಂತೆ ಪೂರ್ತಿ ಗುಣವಾಗುವುದಿಲ್ಲ. ಕೆಲವು ಬೀದಿಯ ನಾಯಿಗಳೊಡನೆ ಎಂದೂ ಸ್ನೇಹ ಬೆಳೆಸವು. ಅಂಥವನ್ನು ಜನ ಏಳುವ ಮೊದಲೇ ನಸುಕಿನಲ್ಲಿ ಗದ್ದೆಯ ಬದುವಿನ ಮೇಲೆ ನಡೆಸಿಕೊಂಡು ಬಂದರಾಯಿತು.

ದೀಪಾವಳಿ, ಇಗರ್ಜಿಯ ಹಬ್ಬ, ಕೋಲದ ರಾತ್ರಿಯ ಗರ್ನಾಲು ಇವು ಬೇರೆಯೇ ಪರೀಕ್ಷೆ. ಭಯವೆಂಬುದು ಕೊಡದಲ್ಲಿ ತುಂಬುವ ನೀರಿನಂತೆ. ರಾತ್ರಿಯಿಡೀ ತುಂಬಿದ ಕೊಡ ಬೆಳಿಗ್ಗೆ ಹಾಲಿನವನು ಬಂದಾಗ ತುಳುಕುತ್ತದೆ. ಆ ಮರುದಿನ ಪಾಠವೂ ಬೇಡ, ಪೇಟೆಯ ನಡಿಗೆಯೂ ಬೇಡ. ಹಬ್ಬದ ಸಂಜೆ ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಹಾಸಿಗೆ ಹಾಕಿ, ಪಕ್ಕದಲ್ಲಿ ರೇಡಿಯೋ ಹಚ್ಚಿಡಿ. ಸ್ಕಾಟ್ಲೆಂಡಿನ ನಾಯಿಯಾಶ್ರಯವೊಂದರಲ್ಲಿ ಸಂಗೀತ ಕೇಳಿಸಿದಾಗ ನಾಯಿಗಳು ಹೆಚ್ಚು ಹೊತ್ತು ಮಲಗಿರುತ್ತಿದ್ದುವೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ವೀಣೆಯೋ ಕೊಳಲೋ ಆದೀತು. ಚೆಂಡೆಯ ಅಬ್ಬರದ ಪ್ರಸಂಗವನ್ನು ನೀವು ಬೇರೆ ಕೋಣೆಯಲ್ಲಿ ಕೇಳಿಕೊಳ್ಳಿ. ದನಿ ಮೆಲ್ಲಗಿರಲಿ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ನಾದವನ್ನು ಕೇಳಬಲ್ಲುದಾದರೆ, ನಾಯಿಯ ಕಿವಿ ಸುಮಾರು 45,000ದವರೆಗೆ ಕೇಳುತ್ತದೆ. ನಮಗೆ ನಿಶ್ಶಬ್ದವೆನಿಸುವ ಮನೆಯಲ್ಲಿಯೂ ಅದಕ್ಕೆ ಏನಾದರೊಂದು ಕೇಳುತ್ತಲೇ ಇರುತ್ತದೆ.