ಊರಿನ ಹೆಸರೇ ಬಂಡವಾಳ: ದ್ರಾಕ್ಷಾರಸದಿಂದ ಮೆಣಸಿನಕಾಯಿಗೆ ಒಂದು ಪಾಠ

ಬ್ಯಾಡಗಿ ಮಾರುಕಟ್ಟೆಗೆ ಸೋಮವಾರ ಮತ್ತು ಗುರುವಾರಗಳಂದು ಬಂದಿಳಿಯುವ ಚೀಲಗಳಲ್ಲಿ ಮೆಣಸಿನಕಾಯಿಯೊಂದಿಗೆ ಒಂದು ಊರಿನ ಹೆಸರೂ ಮಾರಾಟವಾಗುತ್ತದೆ. ಡಬ್ಬಿ ಮತ್ತು ಕಡ್ಡಿ ತಳಿಗಳ ಗಾಢ ಕೆಂಪು ಬಣ್ಣ ಹಾಗೂ ಮಂದ ಖಾರದಿಂದ ಗಳಿಸಿದ ಆ ಹೆಸರಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಲಭಿಸಿತು. ಆದರೆ ಮಾನ್ಯತೆ ದೊರೆತ ಮಾತ್ರಕ್ಕೆ ಹೆಸರು ಬೆಲೆಯಾಗಿ ಪರಿಣಮಿಸದು. ಅದನ್ನು ಕಾಯುವ ಶಿಸ್ತು ವರ್ತಕರಲ್ಲಿರಬೇಕು. ಇದಕ್ಕೆ ಉತ್ತಮ ನಿದರ್ಶನ ಫ್ರಾನ್ಸಿನ ಬೋರ್ಡೊ ಪ್ರಾಂತದ ಕೆಂಪು ದ್ರಾಕ್ಷಾರಸದ ವ್ಯಾಪಾರ.

ದಲಾಲರು ಬರೆದ ಪಟ್ಟಿ

1855ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ವಸ್ತುಪ್ರದರ್ಶನಕ್ಕಾಗಿ ಉತ್ತಮ ದ್ರಾಕ್ಷಾರಸಗಳ ಪಟ್ಟಿಯೊಂದು ಬೇಕಾಯಿತು. ಬೋರ್ಡೊದ ವಾಣಿಜ್ಯ ಸಂಸ್ಥೆಯು ಈ ಕಾರ್ಯವನ್ನು ದಲಾಲರ ಸಂಘಕ್ಕೆ ಒಪ್ಪಿಸಿತು. ಸಂಘವು ಏಪ್ರಿಲ್ 18ರಂದು ಪಟ್ಟಿಯನ್ನು ಸಲ್ಲಿಸಿತು. ದಲಾಲರು ಅದಕ್ಕಾಗಿ ಹೊಸದಾಗಿ ರುಚಿ ನೋಡಲಿಲ್ಲ. ಪ್ರತಿಯೊಂದು ತೋಟದ ಸರಕಿಗೆ ಅನೇಕ ವರ್ಷಗಳಿಂದ ಮಾರುಕಟ್ಟೆಯಲ್ಲಿ ದೊರೆತಿದ್ದ ಬೆಲೆಯನ್ನೇ ಆಧಾರವಾಗಿಟ್ಟುಕೊಂಡು ಕೆಂಪು ದ್ರಾಕ್ಷಾರಸದ ತೋಟಗಳನ್ನು ಐದು ದರ್ಜೆಗಳಲ್ಲಿ ವಿಂಗಡಿಸಿದರು. ಲಾಫಿತ್, ಲಾತೂರ್, ಮಾರ್ಗೊ ಮತ್ತು ಓ-ಬ್ರಿಯೋಂ ಮೊದಲ ದರ್ಜೆ ಪಡೆದವು. ಮೊದಲ ದರ್ಜೆಗೆ ಅನಂತರ ಸೇರಿದ್ದು 1973ರಲ್ಲಿ ಬಡ್ತಿ ಪಡೆದ ಮೂತೊಂ ಒಂದೇ.

ಕಾಯುವಿಕೆಯ ಲೆಕ್ಕ

ಇಂತಹ ತೋಟಗಳಲ್ಲಿ ಶರತ್ಕಾಲದಲ್ಲಿ ಕೊಯ್ದ ದ್ರಾಕ್ಷಿಯ ರಸವು ಹುದುಗಿದ ಬಳಿಕ ಸುಮಾರು ಒಂದೂವರೆ ವರ್ಷ ಓಕ್ ಮರದ ಪೀಪಾಯಿಗಳಲ್ಲಿರುತ್ತದೆ. ತರುವಾಯ ಶೀಶೆಯಲ್ಲಿ ವರ್ಷಗಟ್ಟಲೆ ಇಟ್ಟಾಗ ಒಗರು ತಗ್ಗಿ ಪರಿಮಳ ಮಾಗುತ್ತದೆ. ಅಷ್ಟು ಕಾಲ ಹಣ ಸಿಲುಕಿಕೊಳ್ಳದಂತೆ, ಕೊಯ್ಲಿನ ಮರುವಸಂತದಲ್ಲಿ ಸರಕು ಪೀಪಾಯಿಯಲ್ಲಿರುವಾಗಲೇ ಮುಂಗಡ ಮಾರಾಟ ನಡೆಯುತ್ತದೆ. ಖರೀದಿದಾರನು ಸರಕನ್ನು ಕಾಣುವ ಮೊದಲೇ ಹಣ ಕೊಡುವುದು ಹೆಸರಿನ ಮೇಲಿನ ವಿಶ್ವಾಸದಿಂದ.

ಆ ವಿಶ್ವಾಸವೂ ತಾನಾಗಿ ಬಂದುದಲ್ಲ. ಹಿಂದೆ ಸರಕು ಪೀಪಾಯಿಗಳಲ್ಲಿ ವರ್ತಕರ ಉಗ್ರಾಣಕ್ಕೆ ಹೋಗಿ ಅಲ್ಲಿ ಶೀಶೆ ಸೇರುತ್ತಿತ್ತು, ಕಲಬೆರಕೆಗೆ ಆಸ್ಪದವಿತ್ತು. 1924ರ ಬೆಳೆಯಿಂದ ಮೂತೊಂ ತೋಟದ ಫಿಲಿಪ್ ದ ರೋಥ್‌ಶೀಲ್ಡ್ ಎಲ್ಲ ಸರಕನ್ನೂ ತೋಟದಲ್ಲಿಯೇ ಶೀಶೆಗೆ ತುಂಬಿಸುವ ಕ್ರಮ ತಂದರು. ಪ್ರಮುಖ ತೋಟಗಳು ಅದನ್ನು ಅನುಸರಿಸಿದವು.

ನಂದಿಯ ತಪ್ಪಲಿನಲ್ಲಿ

ಕರ್ನಾಟಕದಲ್ಲಿ ಈ ಮಾದರಿಯನ್ನು ಪ್ರಯೋಗಿಸಿದವರು ಉದ್ಯಮಿ ಕನ್ವಲ್ ಗ್ರೋವರ್. ಫ್ರಾನ್ಸಿನ ದ್ರಾಕ್ಷಿ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನೊಂದಿಗೆ ಹಲವು ತಳಿಗಳನ್ನು ಪರೀಕ್ಷಿಸಿ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ನಂದಿ ಬೆಟ್ಟದ ತಪ್ಪಲಿನಲ್ಲಿ ತೋಟ ಆರಂಭಿಸಿದರು. ಮೊದಲ ದ್ರಾಕ್ಷಾರಸ 1992ರಲ್ಲಿ ಸಿದ್ಧವಾಯಿತು. ಬೋರ್ಡೊದ ತಜ್ಞ ಮಿಶೆಲ್ ರೋಲಾಂ 1990ರ ದಶಕದಲ್ಲಿ ಸಲಹೆಗಾರರಾಗಿ ಬಂದರು. ಕ್ಯಾಬರ್ನೆ ಸೊವಿನ್ಯೋಂ ಮತ್ತು ಶಿರಾಜ್ ದ್ರಾಕ್ಷಿಗಳ ರಸ ಕೂಡಿಸಿ ಓಕ್ ಪೀಪಾಯಿಯಲ್ಲಿ ಮಾಗಿಸಿದ 'ಲಾ ರಿಸರ್ವ್' ಈ ಸಂಸ್ಥೆಯ ಹೆಸರನ್ನು ಹೊರದೇಶಗಳಿಗೂ ಒಯ್ದಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಾರಸ ನೀತಿಯನ್ನು ಪ್ರಕಟಿಸಿತು. ತಳಿಯ ಆಯ್ಕೆಯಿಂದ ಮೊದಲ ಶೀಶೆಯವರೆಗೆ ಹಿಡಿದ ವರ್ಷಗಳನ್ನು ಗಮನಿಸಿದರೆ, ಹೆಸರು ಗಳಿಕೆ ಒಂದು ಹಂಗಾಮಿನ ಕೆಲಸವಲ್ಲವೆಂಬುದು ಸ್ಪಷ್ಟ.

ಬ್ಯಾಡಗಿಗೆ ಅನ್ವಯ

ಮೆಣಸಿನಕಾಯಿ ದ್ರಾಕ್ಷಾರಸದಂತೆ ಇಟ್ಟಷ್ಟೂ ಮಾಗುವುದಿಲ್ಲ; ಶೀತಲಗೃಹವು ಅದರ ಬಣ್ಣವನ್ನು ಕಾಪಾಡಬಲ್ಲದೇ ಹೊರತು ಹೆಚ್ಚಿಸಲಾರದು. ಆದರೆ ಹೆಸರಿನ ನಿಯಮ ಎರಡಕ್ಕೂ ಒಂದೇ. ಬಳ್ಳಾರಿ ಹಾಗೂ ಆಂಧ್ರದಿಂದ ಬರುವ ಹೈಬ್ರಿಡ್ ಕಾಯಿಗೂ ಬ್ಯಾಡಗಿ ಮಾರುಕಟ್ಟೆಯಲ್ಲಿ ಸ್ಥಾನವಿದೆ. ಅದು ತನ್ನ ಹೆಸರಿನಲ್ಲಿಯೇ ಮಾರಾಟವಾಗಬೇಕು. ಬೆಲೆ ಕುಸಿತದಿಂದ ಕೆರಳಿದ ರೈತರು 2024ರ ಮಾರ್ಚ್‌ನಲ್ಲಿ ಮಾರುಕಟ್ಟೆ ಸಮಿತಿಯ ಆವರಣದಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ ಘಟನೆಯು, ಬೆಲೆಯ ಮೇಲಿನ ವಿಶ್ವಾಸ ಎಷ್ಟು ಸೂಕ್ಷ್ಮವೆಂಬುದನ್ನು ತೋರಿಸಿತು.

ರಾಣೆಬೆನ್ನೂರಿನ ಬೀಜೋತ್ಪಾದಕರು ಡಬ್ಬಿ ಮತ್ತು ಕಡ್ಡಿಯ ಶುದ್ಧ ಬೀಜ ಒದಗಿಸುವುದು, ಟೆಂಡರಿಗೆ ಇಡುವ ಪ್ರತಿ ಲಾಟಿನ ಮೇಲೆ ತಳಿ ಮತ್ತು ಬೆಳೆದ ಊರನ್ನು ನಮೂದಿಸುವುದು, ಶೀತಲಗೃಹದ ಚೀಟಿಯಲ್ಲಿ ಬೆಳೆಯ ವರ್ಷವನ್ನು ಬರೆಯುವುದು, ಸ್ಥಳೀಯ ಪುಡಿ ಕಾರ್ಖಾನೆಗಳು ಇಲ್ಲಿಯೇ ಮೊಹರು ಮಾಡಿದ ಪೊಟ್ಟಣಗಳನ್ನು ಹೊರತರುವುದು: ಇವು ಹಾವೇರಿ ಜಿಲ್ಲೆಯ ವರ್ತಕರ ಕೈಯಲ್ಲಿರುವ ಕಾರ್ಯಗಳು. ಬೋರ್ಡೊದ ದಲಾಲರಿಗೆ ಅಂದು ನೆರವಾದದ್ದು ಪ್ರತಿ ತೋಟದ ಸರಕಿಗೂ ಬೇರೆಬೇರೆಯಾಗಿ ಬರೆದಿಟ್ಟ ಬೆಲೆಯ ಲೆಕ್ಕ. ಅಂತಹ ಲೆಕ್ಕವನ್ನು ಆರಂಭಿಸಲು ಬರುವ ಹಂಗಾಮೇ ಸಕಾಲ.