ಆಮೆಯ ಮೀಟರ್: ಕಿ.ಮೀ.ಗೆ 23 ರೂಪಾಯಿ

ಪೀಣ್ಯ ಎಂದರೆ ಲೇತ್ ಮಷಿನ್ನು, ಪೌಡರ್ ಕೋಟಿಂಗು, ಸಾಲುಗಟ್ಟಿ ನಿಂತ ಲಾರಿ. ಅದೇ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇಸ್ರೊದ ಇಸ್ಟ್ರ್ಯಾಕ್ ಕೇಂದ್ರವೂ ಇದೆ. 2022ರ ನವೆಂಬರ್ 26ರಂದು ಪಿಎಸ್‌ಎಲ್‌ವಿ-ಸಿ54ರಲ್ಲಿ ಹೋದ ಇಒಎಸ್-06ರಂಥ ಉಪಗ್ರಹಗಳ ಚಲನವಲನ ನೋಡಿಕೊಳ್ಳುವುದು ಇಲ್ಲಿಂದಲೇ. 1,117 ಕಿಲೋ ತೂಕದ ಆ ಉಪಗ್ರಹದಲ್ಲಿ ಫ್ರಾನ್ಸ್ ಜೊತೆಗೂಡಿ ಅಳವಡಿಸಿದ ಆರ್ಗೋಸ್ ಉಪಕರಣವಿದೆ. ಕಡಲಾಮೆಯ ಬೆನ್ನ ಮೇಲಿನ ಟ್ಯಾಗ್ ಕಳಿಸುವ ಸದ್ದನ್ನು ಕೇಳಿಸಿಕೊಳ್ಳುವುದು ಇಂಥ ಉಪಕರಣಗಳೇ.

ಟ್ಯಾಗ್ ಕೆಲವು ನೂರು ಗ್ರಾಂ. ಮೊಟ್ಟೆಯಿಟ್ಟು ಕಡಲಿಗೆ ಮರಳುವ ಗಟ್ಟಿ ಚಿಪ್ಪಿನ ಹೆಣ್ಣಾಮೆಯನ್ನು ತಡೆದು, ಚಿಪ್ಪನ್ನು ತೊಳೆದು, ಸ್ಯಾಂಡ್‌ಪೇಪರ್ ಉಜ್ಜಿ, ಎಪಾಕ್ಸಿ ಅಂಟಿನಲ್ಲಿ ಕೂರಿಸುತ್ತಾರೆ. ಅಂಟು ಒಣಗುವ ತನಕ ಆಮೆ ಕಾಯಬೇಕು, ಅದಕ್ಕೆ ಇಷ್ಟವಿರಲಿ ಬಿಡಲಿ. ನೀರಿನಡಿ ಟ್ಯಾಗ್ ಮೌನ. ಉಸಿರಿಗೆಂದು ಆಮೆ ಮೇಲೆ ಬಂದು ಆಂಟೆನಾ ಗಾಳಿಗೆ ಸಿಕ್ಕಾಗ ಮಾತ್ರ 401.65 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಒಂದು ಸಂದೇಶ. ಆ ಹೊತ್ತಿಗೆ ಉಪಗ್ರಹ ನೆತ್ತಿಯ ಮೇಲೆ ಹಾದುಹೋಗುತ್ತಿರಬೇಕು. ಅದು ಕಣ್ಣಳತೆಯಲ್ಲಿರುವುದು ಹತ್ತು ನಿಮಿಷ. ಎರಡೂ ಕೂಡಿಬಂದರೂ ಒಳ್ಳೆಯ ದಿನ 250 ಮೀಟರ್ ಒಳಗಿನ ಗುರುತು, ಕೆಟ್ಟ ದಿನ ಒಂದೂವರೆ ಕಿ.ಮೀ.ಗಿಂತ ಹೆಚ್ಚು ತಪ್ಪು.

ಪೀಣ್ಯದಿಂದ ಅನತಿ ದೂರದ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್ ಮತ್ತು ಬೆಂಗಳೂರಿನದೇ ದಕ್ಷಿಣ್ ಫೌಂಡೇಶನ್ನಿನ ತಂಡ 2011ರಿಂದ 2014ರವರೆಗೆ ಲಿಟ್ಲ್ ಅಂಡಮಾನಿನಲ್ಲಿ 10 ಲೆದರ್‌ಬ್ಯಾಕ್ ಆಮೆಗಳಿಗೆ ಟ್ಯಾಗ್ ಹಾಕಿತು. ಒಂದು ಪಶ್ಚಿಮಕ್ಕೆ ಹೊರಟು 266 ದಿನದಲ್ಲಿ 13,237 ಕಿ.ಮೀ. ಈಜಿ ಮೊಜಾಂಬಿಕ್ ಮುಟ್ಟಿತು. ಇನ್ನೊಂದು ಆಸ್ಟ್ರೇಲಿಯದ ದಿಕ್ಕು ಹಿಡಿದು 106 ದಿನದಲ್ಲಿ 6,999 ಕಿ.ಮೀ. ಮೊದಲನೆಯದರ ಸರಾಸರಿ ದಿನಕ್ಕೆ 50 ಕಿ.ಮೀ. ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗಿನ ನೇರಳೆ ಮೆಟ್ರೊ ಮಾರ್ಗ 43.49 ಕಿ.ಮೀ.; ಅದನ್ನೂ ಮೀರಿದ್ದು, ಪ್ರತಿ ದಿನ.

ಇನ್ನು ದುಡ್ಡು. ಇಂಥ ಟ್ಯಾಗ್‌ಗಳ ಬೆಲೆ ಸುಮಾರು 2,000ದಿಂದ 5,000 ಡಾಲರ್. ಮಧ್ಯಕ್ಕೆ 3 ಲಕ್ಷ ರೂಪಾಯಿ ಹಿಡಿಯೋಣ. ಮೊಜಾಂಬಿಕ್ ಆಮೆಗೆ ಕಿ.ಮೀ.ಗೆ 23 ರೂಪಾಯಿ ಬಿತ್ತು, ಆಸ್ಟ್ರೇಲಿಯ ಕಡೆಯದಕ್ಕೆ 43. ಬೆಂಗಳೂರಿನ ಆಟೊ ಮೀಟರ್ 2025ರ ಆಗಸ್ಟ್‌ನಿಂದ ಕಿ.ಮೀ.ಗೆ 18. (ಮೀಟರ್ ಹಾಕಿದರೆ.) ಉಪಗ್ರಹದ ಬಾಡಿಗೆ, ದೋಣಿ, ರಾತ್ರಿ ಕಾವಲು ಈ ಲೆಕ್ಕದಲ್ಲಿಲ್ಲ. ನೂರು ಕಿ.ಮೀ.ಗೇ ಟ್ಯಾಗ್ ಬಾಯಿ ಮುಚ್ಚಿತೋ, ಕಿ.ಮೀ.ಗೆ 3,000. ನನ್ನ ಕೇಳಿದರೆ ದುಬಾರಿ ಎನ್ನಬೇಕಾದದ್ದು ಟ್ಯಾಗನ್ನಲ್ಲ, ಅದರ ಮೌನವನ್ನು.

ಅಗ್ಗದ ದಾರಿಯೂ ಇದೆ: ಮುಂಗಾಲಿಗೆ ಚುಚ್ಚುವ ಲೋಹದ ಬಿಲ್ಲೆ. 2021ರಲ್ಲಿ ಒಡಿಶಾದಲ್ಲಿ ಬಿಲ್ಲೆ ಹಾಕಿಸಿಕೊಂಡ ಆಲಿವ್ ರಿಡ್ಲಿ ಆಮೆಯೊಂದು 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರದಲ್ಲಿ ಮೊಟ್ಟೆಯಿಡಲು ಬಂತು. ಅಂದಾಜು 3,500 ಕಿ.ಮೀ. 'ಅಂದಾಜು' ಏಕೆಂದರೆ, ಬಿಲ್ಲೆ ಹೇಳುವುದು ಹೊರಟ ಊರು, ಸೇರಿದ ಊರು ಎರಡನ್ನೇ. ನಡುವಿನ ದಾರಿ ಆಮೆಗೇ ಗೊತ್ತು.

ಆಲಿವ್ ರಿಡ್ಲಿಗಳು ನಮ್ಮ ಹೊನ್ನಾವರ, ಕಾರವಾರ, ಕುಂದಾಪುರದ ಮರಳಿಗೂ ಬರುತ್ತವೆ. ರಜೆಗೆ ಅತ್ತ ಹೋದಾಗ ಆಮೆಯ ಮುಂಗಾಲಲ್ಲಿ ಬಿಲ್ಲೆ ಕಂಡರೆ ಕೀಳಬೇಡಿ. ಫ್ಲ್ಯಾಶ್ ಹಾಕದೆ, ದೂರದಲ್ಲೇ ನಿಂತು, ಕಂಡರೆ ನಂಬರ್ ಓದಿಕೊಳ್ಳಿ, ಅರಣ್ಯ ಇಲಾಖೆಗೆ ತಿಳಿಸಿ.