ನಿಮಗಿದು ಗೊತ್ತೆ? ಎರಡು ಫೋಟೊ ಬೆಸೆದು ಕೆಲಸ ಕಳೆದುಕೊಂಡರು!

2003ರ ಇರಾಕ್ ಯುದ್ಧ. ಬಸ್ರಾ ಬಳಿ ಬ್ರಿಟಿಷ್ ಸೈನಿಕನೊಬ್ಬ ಕೈಚಾಚಿ ಜನರಿಗೆ ಏನೋ ಸೂಚಿಸುತ್ತಿದ್ದಾನೆ; ಮಗುವನ್ನೆತ್ತಿಕೊಂಡ ವ್ಯಕ್ತಿಯೊಬ್ಬ ಅವನತ್ತಲೇ ಬರುತ್ತಿದ್ದಾನೆ. ‘ಲಾಸ್ ಏಂಜಲೀಸ್ ಟೈಮ್ಸ್’ ಮುಖಪುಟದಲ್ಲಿ ಬಂದ ಈ ಚಿತ್ರ ಮೈ ಜುಮ್ಮೆನಿಸುವಂತಿತ್ತು. ಆದರೆ ಅಂಥದ್ದೊಂದು ಕ್ಷಣ ಇರಲೇ ಇಲ್ಲ! ಛಾಯಾಗ್ರಾಹಕ ಬ್ರಯಾನ್ ವಾಲ್ಸ್ಕಿ ಬೆನ್ನುಬೆನ್ನಿಗೆ ತೆಗೆದ ಎರಡು ಫೋಟೊಗಳನ್ನು ಕಂಪ್ಯೂಟರಿನಲ್ಲಿ ಬೆಸೆದಿದ್ದರು: ಒಂದರಿಂದ ಸೈನಿಕ, ಇನ್ನೊಂದರಿಂದ ಮಗುವನ್ನೆತ್ತಿಕೊಂಡವ. ಹಿನ್ನೆಲೆಯಲ್ಲಿ ಕುಳಿತಿದ್ದ ಕೆಲವರು ಎರಡೆರಡು ಸಲ ಕಾಣಿಸಿದ್ದು ಗುಟ್ಟು ಬಿಟ್ಟುಕೊಟ್ಟಿತು. ಅದನ್ನು ಪತ್ತೆ ಹಚ್ಚಿದ್ದು ಚಿತ್ರವನ್ನು ಮರುಬಳಸಿದ್ದ ‘ಹಾರ್ಟ್‌ಫರ್ಡ್ ಕೊರಂಟ್’ ಪತ್ರಿಕೆಯ ಸಿಬ್ಬಂದಿ. ವಾಲ್ಸ್ಕಿ ತಪ್ಪೊಪ್ಪಿಕೊಂಡರು. ‘ಲಾಸ್ ಏಂಜಲೀಸ್ ಟೈಮ್ಸ್’ ಅವರನ್ನು ಕೆಲಸದಿಂದ ತೆಗೆದು, ಓದುಗರಿಗೆ ವಿವರಣೆ ಪ್ರಕಟಿಸಿತು.